ತಾಳೆ ನೋಡಲು ಸಣ್ಣದು ಸಾಕು

೧೪ ಆಗಸ್ಟ್ ೧೯೮೮, ಭಾನುವಾರ, ಸವಣೂರು

ಇಪ್ಪತ್ತನಾಲ್ಕು ಸಾವಿರ ರೂಪಾಯಿ! ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಗಳು ಶಾಮಲಾ ಸಾರು ಬಡಿಸುತ್ತ, ಉಪ್ಪು ಸಾಕೇನು ಎಂದು ಕೇಳುವಷ್ಟು ಸಲೀಸಾಗಿ, "ಅಪ್ಪಾ, ಪಂಚಾಂಗದ ಗಣಿತಕ್ಕ ಒಂದು ಕಂಪ್ಯೂಟರ್ ತಗೊಳ್ಳೋಣ" ಅಂದಳು. ಬೆಲೆಯನ್ನೂ ಅದೇ ಉಸಿರಿನಲ್ಲಿ ಹೇಳಿದಳು.

"ಯಾಕವ್ವಾ, ನನ್ನ ಕೈ ಬಿದ್ದು ಹೋಗ್ಯಾವೇನು?"

"ಹಂಗಲ್ಲಪ್ಪಾ. ಗಣಿತಾ ನೀವ ಮಾಡ್ರಿ. ಬರೇ ತಾಳೆ ನೋಡ್ಲಿಕ್ಕೆ."

"ಏನು ತಾಳೆ? ಮೂವತ್ತೊಂದು ಪಂಚಾಂಗ ಮಾಡೇನಿ. ಒಂದು ಏಕಾದಶಿ ತಪ್ಪಿದ್ದು ತೋರಸು, ನೋಡೋಣು."

ಅವಳು ಮಜ್ಜಿಗೆ ಬಡಿಸಿದಳು. ನನ್ನ ಅಜ್ಜ ಕೋಷ್ಟಕ ಹಾಕಿಟ್ಟರು, ಅಪ್ಪ ನಡೆಸಿದರು, ಈಗ ನಾನು. ಸವಣೂರು, ಹಾನಗಲ್, ಶಿಗ್ಗಾಂವಿ, ಹಿರೇಕೆರೂರು, ಈ ನಾಲ್ಕೂ ಕಡೆ ವೈಷ್ಣವರ ಮನೆಗಳಲ್ಲಿ ದೇವರ ಗೂಡಿನ ಪಕ್ಕ ಮೊಳೆಗೆ ತೂಗುವುದು ನಮ್ಮ ಪಂಚಾಂಗ. ನಾನು ಏಕಾದಶಿ ಎಂದು ಬರೆದ ದಿನ ಅಷ್ಟೂ ಮನೆಗಳಲ್ಲಿ ಅನ್ನ ಬೇಯುವುದಿಲ್ಲ. ಅಂಥ ಕೆಲಸಕ್ಕೆ ಯಂತ್ರವಂತೆ! ಶಾಮಲಾ ಬಿ.ಎಸ್ಸಿ. ಓದಿದ್ದಾಳೆ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ಎಲ್ಲ ಸರಿ. ಆದರೆ ಪಂಚಾಂಗದ ಗಣಿತಕ್ಕೆ ಹೆಂಗಸರು ಕೈ ಹಾಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ಇಂದಿರಾ ಇದ್ದಿದ್ದರೆ ಈ ಹುಚ್ಚಿಗೆ ಒಂದೇ ಮಾತಿನಲ್ಲಿ ಬೀಗ ಹಾಕುತ್ತಿದ್ದಳು. ಅವಳಿಗೆ ಗಣಿತದ ಗೊಡವೆಯೇ ಇರಲಿಲ್ಲ. ನಾನು ಹಾಕಿದ ಲೆಕ್ಕವನ್ನು ಪ್ರೆಸ್ಸಿಗೆಂದು ಮುತ್ತಿನಂಥ ಅಕ್ಷರದಲ್ಲಿ ಪಕ್ಕಾ ಪ್ರತಿ ಮಾಡಿಕೊಟ್ಟು ತನ್ನ ಪಾಡಿಗೆ ಇರುತ್ತಿದ್ದಳು. ಅವಳು ಹೋಗಿ ಈ ಆಶ್ವಯುಜಕ್ಕೆ ಮೂರು ವರ್ಷ. ಈಗ ಪಕ್ಕಾ ಪ್ರತಿಯನ್ನೂ ನಾನೇ ಬರೆಯುತ್ತೇನೆ, ಬೇರೆಯವರಿಗೆ ಕೊಡುವುದಿಲ್ಲ.

೧೭ ಆಗಸ್ಟ್, ಬುಧವಾರ

ಮಠದ ಕಟ್ಟೆಯ ಮೇಲೆ ರಾಘಣ್ಣ ಹೇಳಿದ: ಎಲ್ಲೋ ಒಂದು ಪಂಚಾಂಗದ ಮುಖಪುಟದ ಮೇಲೆ 'ಕಂಪ್ಯೂಟರ್ ಗಣಿತ' ಎಂದು ಕೆಂಪಕ್ಷರದಲ್ಲಿ ಅಚ್ಚಾಗಿದೆಯಂತೆ, ಜನ ಕೇಳಿಕೊಂಡು ಬಂದು ಒಯ್ಯುತ್ತಾರಂತೆ. ರಾಘಣ್ಣ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ನಿಂತು ನನ್ನ ಪಂಚಾಂಗದ ತಿಥಿ ವಾರ ನಕ್ಷತ್ರ ಓದಿ ಹೇಳುವವನು. ಅವನೇ ಹೀಗಂದರೆ!

ಶನಿವಾರ ಹುಬ್ಬಳ್ಳಿಗೆ ಹೋಗಿ ಬರೀ ನೋಡಿ ಬರೋಣ ಎಂದು ಶಾಮಲಾಗೆ ಅಂದೆ. ಬರೀ ನೋಡಲಿಕ್ಕೆ.

೨೦ ಆಗಸ್ಟ್, ಶನಿವಾರ

ಕಂಪ್ಯೂಟರ್ ಅಂಗಡಿಯೊಳಗೆ ಕಾಲಿಟ್ಟರೆ, "ಬರ್ರಿ ಸರ್, ಕುಂತ್ರಿ" ಅಂತ ಎದ್ದು ನಿಂತವನು ಯಾರು? ನಮ್ಮೂರಿನ ಮುನಾಫ! ಎಲೆತೋಟದ ಕುತುಬುದ್ದೀನನ ಮಗ. ನಮ್ಮ ಮನೆಯ ದೇವರ ತಾಂಬೂಲಕ್ಕೆ ಇವತ್ತಿಗೂ ಅವರ ತೋಟದ ಎಲೆಯೇ ಬರುವುದು. ನಾನು ಮಾಸ್ತರಿಕೆ ಮಾಡುತ್ತಿದ್ದ ಶಾಲೆಯಲ್ಲಿ ಭಿನ್ನರಾಶಿಗೆ ನನ್ನ ಕೈಯಲ್ಲಿ ಏಟು ತಿಂದ ಹುಡುಗ ಈಗ ಟೈ ಕಟ್ಟಿಕೊಂಡು ಕಂಪ್ಯೂಟರ್ ಮಾರುತ್ತಾನೆ. ದಂಗುಬಡಿದು ಹೋದೆ.

ಅವನು ಎರಡು ಪೆಟ್ಟಿಗೆಗಳ ಮುಚ್ಚಳ ಬಿಚ್ಚಿ ತೋರಿಸಿದ. ಸಣ್ಣದರ ಒಳಗೆ ೮೦೮೮ ಎಂಬ ಚಿಪ್. ಬೆರಳುದ್ದ, ಕಪ್ಪಗೆ, ಎರಡೂ ಕಡೆ ಸಾಲುಗಾಲು, ಥೇಟು ಜರಿಹುಳ. ಇಪ್ಪತ್ತನಾಲ್ಕು ಸಾವಿರ ಈ ಹುಳಕ್ಕೆ! ಅದರ ಸುತ್ತ ಸಣ್ಣಸಣ್ಣ ಚಿಪ್‌ಗಳ ಸಂತೆಯೇ ನೆರೆದಿದೆ. ದೊಡ್ಡದರಲ್ಲಿ ೨೮೬ ಎಂಬುದು, ಚೌಕಾಕಾರ, ಗಂಭೀರ. ಅಲ್ಲಿ ಸಂತೆಯಿಲ್ಲ, ಐದೇ ಚಿಪ್‌ಗಳ ಒಂದು ಸೆಟ್ ಅಷ್ಟೂ ಕೆಲಸ ನೋಡುತ್ತದಂತೆ. ನನಗೆ ನೋಡಿದ ಕೂಡಲೇ ಅದರ ಮೇಲೆ ಮನಸ್ಸಾಯಿತು.

"ಇದಕ್ಕೆಷ್ಟಪಾ?"

"ಅರವತ್ತೆರಡು ಸಾವಿರ ಸರ್."

ಕೃಷ್ಣ ಕೃಷ್ಣ! ಕುರ್ಚಿ ಇದ್ದದ್ದು ಒಳ್ಳೆಯದಾಯಿತು. ಸಣ್ಣದರಲ್ಲಿ ಒಂದು ಖಾಲಿ ಗೂಡಿದೆ, ಅಲ್ಲಿ ಬರೀ ಗುಣಾಕಾರ ಭಾಗಾಕಾರಕ್ಕೆಂದೇ ಇನ್ನೊಂದು ಚಿಪ್ ಕೂಡಿಸಬಹುದು, ಅದಕ್ಕೆ ಮತ್ತೆ ಆರು ಸಾವಿರ ಅಂದ. ಗಣಿತ ಮಾಡುವ ಯಂತ್ರಕ್ಕೆ ಗಣಿತ ಕಲಿಸಲು ಬೇರೆ ದುಡ್ಡೇ?

"ನೋಡ್ರಿ ಸರ್," ಅಂದ ಮುನಾಫ, "ಒಂದು ತಿಥಿ ತೆಗಿಯಾಕ ಸಣ್ಣದು ಎರಡು ನಿಮಿಷ ತಗೋತೈತಿ, ದೊಡ್ಡದು ಇಪ್ಪತ್ತು ಸೆಕೆಂಡು. ಬ್ಯಾಂಕಿಗಾದ್ರ ದೊಡ್ಡದು ಬೇಕ್ರಿ. ನೀವು ವರ್ಷಕ್ಕ ಒಂದ ಪಂಚಾಂಗ ಮಾಡಾವ್ರು. ನಿಮಗ್ಯಾಕ ಬೇಕ್ರಿ ಅಷ್ಟು ಓಟ?"

ಮಾರುವವನೇ ಸಣ್ಣದು ತಗೊಳ್ಳಿ ಅಂತಾನಲ್ಲ, ಇದರಲ್ಲೇನೋ ಮಸಲತ್ತು ಇರಬೇಕು ಅಂದುಕೊಂಡೆ. ಶಾಮಲಾ ಆಗಲೇ ಬಾಯಿಲೆಕ್ಕ ಹಾಕಿದ್ದಳು. "ವರ್ಷದ ತಿಥಿ ಪೂರಾ ಹನ್ನೆರಡು ತಾಸಿನಾಗ ಮುಗೀತದಪ್ಪಾ. ಮೂವತ್ತೆಂಟು ಸಾವಿರ ಹೆಚ್ಚಿಗೆ ಕೊಟ್ಟು ಹತ್ತು ತಾಸು ಉಳಿಸಿ ಏನು ಮಾಡೋಣು?"

"ವೇಗದ ಮಾತಲ್ಲ ಇದು. ಬೆಲಿ ಕಡಿಮಿ ಇದ್ದದ್ದರ ಬುದ್ಧೀನೂ ಕಡಿಮಿ ಇರ್ತದ. ಏಕಾದಶಿ ವಿಷಯದಾಗ ಅಗ್ಗದ್ದು ತರಬಾರದು."

"ತಾಳೆ ನೋಡ್ಲಿಕ್ಕೆ ಸಣ್ಣದು ಸಾಕಪ್ಪಾ," ಅಂದಳು ಮತ್ತೆ. ಅದೊಂದೇ ಹಾಡು ಅವಳದು.

೨೬ ಆಗಸ್ಟ್, ಶುಕ್ರವಾರ

ಸಣ್ಣದಕ್ಕೇ ಹೇಳಿದ್ದಾಯಿತು. ಅರ್ಧ ಪಂಚಾಂಗದ ನಿಧಿಯದು, ಅರ್ಧ ಶಾಮಲಾ ತನ್ನ ಸಂಬಳದಲ್ಲಿ ಕೂಡಿಟ್ಟಿದ್ದು. ನನ್ನ ಮನಸ್ಸು ಒಪ್ಪಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ. ನಾಳೆ ಏನಾದರೂ ತಪ್ಪಿದರೆ ಅದು ಅಗ್ಗದ ಚಿಪ್ಪಿನ ತಪ್ಪು.

೨೨ ಸೆಪ್ಟೆಂಬರ್, ಗುರುವಾರ

ಬಂತು. ಮುನಾಫ ಬಸ್ಸಿನಲ್ಲಿ ಹೆಂಗಸರು ಕೂಸು ಹಿಡಿದಂತೆ ತೊಡೆಯ ಮೇಲೆ ಟಿವಿ ಪೆಟ್ಟಿಗೆ ಹಿಡಿದುಕೊಂಡು ಬಂದ. ಗುಂಡಿ ಒತ್ತಿದ, ಹಸಿರು ಅಕ್ಷರ ಮೂಡಿತು, ಓಣಿಯ ಜನ ಕಿಟಕಿಗೆ ನೆರೆದರು. ಅಷ್ಟರಲ್ಲಿ ಕರೆಂಟು ಹೋಯಿತು. ಬೆಚ್ಚಿಬಿದ್ದೆ, ಸುಟ್ಟೇಹೋಯಿತೆಂದು. "ಏನೂ ಆಗಂಗಿಲ್ರಿ ಸರ್" ಅಂತ ಅವನು ಕುರುಕಲು ಖಾರ ತಿನ್ನುತ್ತ ಆರಾಮ ಕುಳಿತ.

೪ ಅಕ್ಟೋಬರ್, ಮಂಗಳವಾರ

ನಾನು ಹೇಳಿದ್ದೇ ಆಯಿತು!

ನಮ್ಮ ಗಣಿತದ ರೀತಿಯನ್ನು ಶಾಮಲಾ ಹನ್ನೆರಡು ದಿನ ಕುಳಿತು ಯಂತ್ರಕ್ಕೆ ತುಂಬಿದ್ದಳು. ಒಂದು ಕರಾರು ನಾನು ಹಾಕಿದ್ದೆ. ದಿನಗಳನ್ನು ಕಲಿಯುಗದ ಮೊದಲ ದಿನದಿಂದಲೇ ಎಣಿಸಬೇಕು. ನಾವು ನಿತ್ಯ ಸಂಕಲ್ಪ ಹೇಳುವುದೇ ಕಲಿಯುಗ ಹಿಡಿದು. ಕೈಯಲ್ಲಿ ಮಾಡುವಾಗ ಅಷ್ಟುದ್ದದ ಎಣಿಕೆ ಆಗದ ಮಾತು, ಅಜ್ಜನ ಕೋಷ್ಟಕದಿಂದ ನಡೆಸುತ್ತೇವೆ. ಯಂತ್ರಕ್ಕೇನು ಆಯಾಸ? ಇಪ್ಪತ್ತನಾಲ್ಕು ಸಾವಿರ ತಿಂದಿದೆ, ದುಡಿಯಲಿ. ಶಾಮಲಾ, "ಬ್ಯಾಡಪ್ಪಾ, ಹತ್ತಿರದ ವರ್ಷ ಹಿಡಿಯೋಣು" ಅಂದಳು. ನಾನು ಕೇಳಲಿಲ್ಲ.

ಇವತ್ತು ಉತ್ತರ ಬಂತು. ರಾಮ ರಾಮ! ಯಾವ ತಿಥಿ ನೋಡಿದರೂ ಏಳೂವರೆ ಘಳಿಗೆಗೆ ಮುಗಿಯುತ್ತದೆ, ಇಲ್ಲವೇ ಹದಿನೈದಕ್ಕೆ, ಇಲ್ಲವೇ ಇಪ್ಪತ್ತೆರಡೂವರೆಗೆ. ನಡುವೆ ಏನೂ ಇಲ್ಲ! ಚಂದ್ರ ಏನು ಆಸ್ಪತ್ರೆಯ ನರ್ಸೇ, ಮೂರು ತಾಸಿಗೊಮ್ಮೆ ಪಾಳಿ ಬದಲಿಸಲು? ಸಾಡೇಸಾತಿ ಹಿಡಿದಿದೆ ಈ ಯಂತ್ರಕ್ಕೆ.

"ನೋಡಿದ್ಯಾ, ಅಗ್ಗದ್ದರ ಹಣೇಬಾರ!" ಅಂದೆ. ಶಾಮಲಾಳ ಮುಖ ಸಪ್ಪಗಾಯಿತು. ಶನಿವಾರ ಹುಬ್ಬಳ್ಳಿಗೆ ಹೋಗಿ ಇದೇ ಲೆಕ್ಕವನ್ನು ದೊಡ್ಡದರ ಮೇಲೆ ಓಡಿಸಿ ತೋರಿಸುತ್ತೇನೆ.

೮ ಅಕ್ಟೋಬರ್, ಶನಿವಾರ

ಏನು ಬರೆಯಲಿ. ಮುನಾಫ ನಮ್ಮ ಫ್ಲಾಪಿಯನ್ನು ೨೮೬ಕ್ಕೆ ಹಾಕಿದ. ಉತ್ತರ ಬಂದೇ ಬಂತು, ರೆಪ್ಪೆ ಬಡಿಯುವಷ್ಟರಲ್ಲಿ. ಏಳೂವರೆ. ಹದಿನೈದು. ಇಪ್ಪತ್ತೆರಡೂವರೆ. ಒಂದಂಕಿ ಆಚೀಚೆ ಇಲ್ಲ! ಅರವತ್ತೆರಡು ಸಾವಿರದ್ದೂ ಅದೇ ತಪ್ಪು ಹೇಳಿತು, ಲಗುಬಗೆಯಿಂದ ಹೇಳಿತು ಅಷ್ಟೇ.

ಮುನಾಫ ತಲೆ ಕೆರೆದುಕೊಂಡ. "ಸರ್, ಚಿಪ್ ಹೇಳಿದ್ದಷ್ಟ ಮಾಡ್ತೈತ್ರಿ. ತಪ್ಪು ಇದ್ರ ಹೇಳಿದ್ದರಾಗ ಐತಿ."

ನಾನು ಶಾಮಲಾಳ ಕಡೆ ದುರುದುರು ನೋಡಿದೆ.

೧೦ ಅಕ್ಟೋಬರ್, ಸೋಮವಾರ

ತಪ್ಪು ಹೇಳಿದವನು ನಾನು.

ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಶಾಮಲಾ ಕಾಗದ ಹಿಡಿದು ಬಂದಳು. "ಅಪ್ಪಾ, ಯಂತ್ರ ಒಂದು ಸಂಖ್ಯೆಗೆ ಏಳು ಅಂಕಿಯಷ್ಟ ಜಾಗಾ ಕೊಡ್ತದ. ನಿಮ್ಮ ಕಲಿಯುಗದ ದಿನಾ ಎಷ್ಟು? ಹದಿನೆಂಟು ಲಕ್ಷ ಐವತ್ತೊಂಬತ್ತು ಸಾವಿರ. ಏಳೂ ಅಂಕಿ ದಿನಕ್ಕ ಹೋದ್ವು. ಘಳಿಗಿ ಕೂಡ್ಲಿಕ್ಕೆ ಜಾಗಾನ ಉಳೀಲಿಲ್ಲ, ಅದಕ್ಕ ದಿನದ ಎಂಟನೇ ಪಾಲಿಗೆ ಜಿಗೀತದ."

ಮುತ್ತಜ್ಜನ ಕಾಲದ ಸಾಮಾನೆಲ್ಲ ಒಂದೇ ಟ್ರಂಕಿಗೆ ತುರುಕಿ, ಮೇಲೆ ಕೂಸಿನ ಅಂಗಿ ಹಿಡಿಸಲಿಲ್ಲವೆಂದು ಟ್ರಂಕನ್ನು ಬೈದ ಹಾಗಾಯಿತು ನನ್ನ ಕಥೆ. "ಅದಕ್ಕ ನಿಮ್ಮಜ್ಜಾ ಶಕ ೧೮೨೦ರಿಂದ ಎಣಿಸ್ಯಾರ ನೋಡ್ರಿ, ಸಂಖ್ಯೆ ಸಣ್ಣದಿರ್ಲಿ ಅಂತ" ಅಂದಳು. ಅಜ್ಜನ ಕೋಷ್ಟಕ ಮೂವತ್ತು ವರ್ಷದಿಂದ ನನ್ನ ಕೈಯಲ್ಲಿದೆ, ಯಾಕೆ ಹಾಗೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ! ಯಂತ್ರಕ್ಕೆ ದುಪ್ಪಟ್ಟು ಅಂಕಿ ಹಿಡಿ ಎಂದು ಹೇಳುವ ದಾರಿಯೂ ಇದೆಯಂತೆ. ಅದಕ್ಕೆಷ್ಟು ದುಡ್ಡು ಅಂದೆ. "ಏನಿಲ್ಲ. ತುಸು ನಿಧಾನ ಆಗ್ತದ, ಅಷ್ಟ."

ಸಂಜೆ ಓಡಿಸಿದಳು. ಒಂದೊಂದು ತಿಥಿಗೆ ಎರಡು ನಿಮಿಷ. ಈ ವಾರದ ಮೂರು ತಿಥಿ ನೋಡಿದೆವು, ಮೂರೂ ವಿಘಳಿಗೆ ಸಮೇತ ನನ್ನ ಪಂಚಾಂಗಕ್ಕೆ ಸರಿಹೋದವು. ಇಷ್ಟಾದರೂ ಈ ಯಂತ್ರವನ್ನು ನಾನು ನಂಬಿದ್ದೇನೆ ಅಂತಲ್ಲ.

೧೩ ನವೆಂಬರ್, ಭಾನುವಾರ

ಹಂಸಭಾವಿಯಲ್ಲಿ ಗಣಿತ ಶಿಕ್ಷಕರ ಶಿಬಿರ. ಶಾಮಲಾ ಶನಿವಾರದವರೆಗೆ ಇಲ್ಲ. ಯಾವ ಗುಂಡಿ ಮೊದಲು, ಯಾವುದು ಆಮೇಲೆ ಎಂದು ಕಾಗದದ ಮೇಲೆ ಬರೆಸಿಕೊಂಡಿದ್ದೇನೆ. "ಸುಮ್ಮನ ರೂಢಿ ಆಗಲಿ ಅಂತ" ಅಂದೆ ಅವಳಿಗೆ. ನಿಜ ಹೇಳಬೇಕೆಂದರೆ ನನ್ನ ಹಳೆಯ ಪಂಚಾಂಗಗಳನ್ನು ಎದುರಿಗಿಟ್ಟುಕೊಂಡು ಈ ಯಂತ್ರ ಎಲ್ಲಿ ಮುಗ್ಗರಿಸುತ್ತದೆ ಎಂದು ಹಿಡಿಯಬೇಕಾಗಿದೆ. ಹದಿನೈದು ವರ್ಷದ ಏಕಾದಶಿಗಳು ಸಾಕು.

೧೪ ನವೆಂಬರ್, ಸೋಮವಾರ

೧೯೭೪ರಿಂದ ೧೯೭೯ರವರೆಗೆ ಆಯಿತು. ಎಲ್ಲ ಸರಿ. ಅಲ್ಲೊಂದು ಇಲ್ಲೊಂದು ಕಡೆ ಒಂದೆರಡು ವಿಘಳಿಗೆ ಹೆಚ್ಚುಕಡಿಮೆ, ಅದಕ್ಕೇನಿಲ್ಲ. ಯಂತ್ರಕ್ಕೆ ಶಹಬಾಸ್ ಅನ್ನಬೇಕು. ನನಗೂ ಅನ್ನಬೇಕು!

೧೫ ನವೆಂಬರ್, ಮಂಗಳವಾರ

೧೯೮೫ರವರೆಗೆ ಬಂದೆ. ಹನ್ನೆರಡು ವರ್ಷದಲ್ಲಿ ಒಂದು ಏಕಾದಶಿಯೂ ತಪ್ಪಿಲ್ಲ. ಸಂಜೆ ಕಟ್ಟೆಯ ಮೇಲೆ ರಾಘಣ್ಣನಿಗೆ ಹೇಳಿ ಬಂದೆ. "ನಿಮ್ಮ ಗಣಿತಕ್ಕ ಯಂತ್ರಾನ ಸಾಕ್ಷಿ ಹೇಳ್ತಲ್ರೀ ಆಚಾರ್ರ!" ಅಂದ. ಹಿಗ್ಗಿಹೋದೆ.

೧೬ ನವೆಂಬರ್, ಬುಧವಾರ

೧೯೮೬ರಿಂದ ಯಂತ್ರ ಕೆಟ್ಟಿದೆ.

ಮೂರು ವರ್ಷದಲ್ಲಿ ಏಳು ಕಡೆ ನನಗೂ ಅದಕ್ಕೂ ತಾಳೆಯಿಲ್ಲ. ಮೂರು ಕಡೆ ಏಕಾದಶಿಯ ದಿನವೇ ಬೇರೆ ಬರುತ್ತದೆ! ಬಿಸಿಯಾಗಿರಬೇಕೆಂದು ಆರಿಸಿ, ಊಟ ಮಾಡಿ, ಮತ್ತೆ ಹಚ್ಚಿದೆ. ಅದೇ.

ಆ ಮೂರರಲ್ಲಿ ಒಂದು ಇನ್ನೂ ಬರಬೇಕಾಗಿದೆ. ಈ ಕಾರ್ತಿಕ ಬಹುಳ ಏಕಾದಶಿ. ಅಚ್ಚಾಗಿರುವುದು ಡಿಸೆಂಬರ್ ೪, ಭಾನುವಾರ. ನನ್ನ ಪಂಚಾಂಗದಲ್ಲಿ ಹಿಂದಿನ ದಿನದ ದಶಮಿ ೫೫ ಘಳಿಗೆ ೪೮ ವಿಘಳಿಗೆಗೆ ಮುಗಿಯುತ್ತದೆ. ಯಂತ್ರ ೫೬ ಘಳಿಗೆ ೧೨ ಅನ್ನುತ್ತದೆ. ಬರೀ ಇಪ್ಪತ್ತನಾಲ್ಕು ವಿಘಳಿಗೆಯ ಅಂತರ, ಹತ್ತು ನಿಮಿಷವೂ ಇಲ್ಲ. ಆದರೆ ೫೬ ಘಳಿಗೆಗೆ, ಅಂದರೆ ಮರುದಿನದ ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚೆ, ಅರುಣೋದಯ. ಆ ಹೊತ್ತಿಗೆ ದಶಮಿ ಎಳ್ಳಷ್ಟು ಉಳಿದಿದ್ದರೂ ಆ ಏಕಾದಶಿ ಮಾಧ್ವರಿಗೆ ನಡೆಯುವುದಿಲ್ಲ, ಉಪವಾಸ ಮರುದಿನ. ಯಂತ್ರದ ಮಾತು ನಿಜವಾದರೆ ಉಪವಾಸ ಸೋಮವಾರ. ನಾನು ಹೇಳಿದ ಭಾನುವಾರ ಉಪವಾಸ ಮಾಡಿ, ಸೋಮವಾರ ಬೆಳಿಗ್ಗೆ ನಾಲ್ಕೂ ಊರಿನ ಜನ ಅನ್ನ ಉಣ್ಣುತ್ತಾರೆ, ಉಣ್ಣಲೇಬಾರದ ದಿನ.

ಇಲ್ಲ. ಯಂತ್ರವೇ ಕೆಟ್ಟಿದೆ.

೧೭ ನವೆಂಬರ್, ಗುರುವಾರ

ಆ ದಶಮಿಯನ್ನು ಮೊದಲಿನಿಂದ ಕೈಯಲ್ಲಿ ಮಾಡಿದೆ. ನಿಧಾನವಾಗಿ, ಮೂರು ಸಲ. ೫೬ ಘಳಿಗೆ ೧೨.

ಹೋದ ವರ್ಷದ ಕಚ್ಚಾ ಪ್ರತಿ ತೆಗೆದು ನೋಡಿದೆ. ಗುಣಾಕಾರ ಸರಿ, ಭಾಗಾಕಾರ ಸರಿ. ಕಡೆಗೆ ಕೂಡುವಾಗ ಒಂದು ಸಾಲಿನ ಇಪ್ಪತ್ತನಾಲ್ಕು ವಿಘಳಿಗೆಯನ್ನು ಬಿಟ್ಟೇಬಿಟ್ಟಿದ್ದೇನೆ. ಎರಡನೇ ಇಯತ್ತೆಯ ತಪ್ಪು! ಇಂಥದ್ದಕ್ಕೆ ನಾನು ಮಕ್ಕಳ ಕಿವಿ ಹಿಂಡಿದ್ದೇನೆ.

ವಯಸ್ಸಾಯಿತು, ಕಣ್ಣು ಮಂಜಾಯಿತು, ಮೂರು ವರ್ಷದಿಂದ ಹೀಗಾಗುತ್ತಿದೆ ಅಂದುಕೊಂಡೆ. ಮೊದಲು ನಾನು ಹೀಗಿರಲಿಲ್ಲವೆಂದು ಮನಸ್ಸಿಗೆ ಸಮಾಧಾನ ಮಾಡಿಕೊಳ್ಳಲು ಹಳೆಯ ಟ್ರಂಕು ತೆಗೆದೆ. ಕೈಗೆ ಬಂದದ್ದು ೧೯೭೮ರ ಕಚ್ಚಾ ಪ್ರತಿ. ಆಷಾಢದ ಪುಟದಲ್ಲೇ ಒಂದು ಕೂಡುವ ತಪ್ಪು. ಮಾಘದಲ್ಲಿ ಇನ್ನೊಂದು. ೧೯೮೧ರದು ತೆಗೆದೆ, ನಾಲ್ಕು ತಪ್ಪು. ೧೯೭೫ರಲ್ಲಿ ಮೂರು. ನನಗೆ ಆಗ ಐವತ್ತು ವರ್ಷ, ಕಣ್ಣು ಚೆನ್ನಾಗಿಯೇ ಇದ್ದವು.

ಅಚ್ಚಾದದ್ದರಲ್ಲಿ ಮಾತ್ರ ಒಂದೂ ತಪ್ಪಿಲ್ಲ.

ಕಚ್ಚಾ ಪ್ರತಿಗೂ ಅಚ್ಚಿಗೂ ನಡುವೆ ಇದ್ದದ್ದು ಇಂದಿರಾ ಬರೆದ ಪಕ್ಕಾ ಪ್ರತಿ ಒಂದೇ. ಪ್ರೆಸ್ಸಿನಿಂದ ಮರಳಿ ಬಂದ ಅದೂ ಟ್ರಂಕಿನ ತಳದಲ್ಲಿ ಇತ್ತು. ನನ್ನ ಪ್ರತಿಯನ್ನು ಪಕ್ಕದಲ್ಲಿಟ್ಟು ಸಾಲುಸಾಲಾಗಿ ನೋಡಿದೆ. ನಾನು ತಪ್ಪಿದಲ್ಲೆಲ್ಲ ಅವಳ ಮುತ್ತಿನಂಥ ಅಕ್ಷರದಲ್ಲಿ ಸರಿಯಾದ ಅಂಕಿ ಕೂತಿದೆ. ಒಂದು ಗೀಟಿಲ್ಲ, ಒಂದು ಗುರುತಿಲ್ಲ. ಹನ್ನೆರಡು ವರ್ಷ. ಅದಕ್ಕೂ ಮೊದಲು ಎಷ್ಟು ವರ್ಷವೋ!

ಕತ್ತಲಾಗುವವರೆಗೆ ಅವಳ ಪುಟಗಳನ್ನು ತಿರುವಿ ನೋಡುತ್ತಲೇ ಇದ್ದೆ.

೧೮ ನವೆಂಬರ್, ಶುಕ್ರವಾರ

ನೆನಪಾಯಿತು. ಮದುವೆಯಾದ ಹೊಸತು. ಇಂದಿರಾ ಪಕ್ಕಾ ಪ್ರತಿ ಬರೆಯುತ್ತ, "ಈ ಸಾಲು ಇನ್ನೊಮ್ಮೆ ನೋಡ್ರೀ" ಅಂದಿದ್ದಳು. ನಾನು ಕೆಂಡವಾಗಿ, "ನೀ ಅಕ್ಷರಾ ಬರಿ, ಗಣಿತದ ಉಸಾಬರಿ ನಿನಗ ಬ್ಯಾಡ" ಎಂದು ಹತ್ತು ಜನರೆದುರು ಒದರಿದ್ದೆ. ಮತ್ತೆಂದೂ ಕೇಳಲಿಲ್ಲ ಅವಳು.

೧೯ ನವೆಂಬರ್, ಶನಿವಾರ

ಶಾಮಲಾ ಬಂದಳು. ಚೀಲ ಇಳಿಸುವ ಮೊದಲೇ ಕೇಳಿದೆ. "ನಿನಗ ಗೊತ್ತಿತ್ತೇನು?"

ಟ್ರಂಕು ತೆರೆದಿದ್ದು ನೋಡಿ ಅವಳಿಗೆ ತಿಳಿಯಿತು. ಚೀಲ ಕೈಯಲ್ಲೇ ಇತ್ತು. "ಗೊತ್ತಿತ್ತಪ್ಪಾ. ಅವ್ವ ಅಡಿಗಿಮನ್ಯಾಗ ಕೂತು ಸ್ಲೇಟಿನ ಮ್ಯಾಲೆ ಒಂದೊಂದ ಸಾಲು ಕೂಡಿಸಿ ನೋಡ್ತಿದ್ಲು. ನನಗ ಕೂಡೋದು ಕಲಿಸಿದ್ದು ಆ ಸಾಲಿನ ಮ್ಯಾಲೇನ."

ಆ ಸ್ಲೇಟು ಮಗಳ ಪಾಠಕ್ಕೆಂದು ನಾನು ತಿಳಿದಿದ್ದೆ.

"ನನಗ್ಯಾಕ ಹೇಳಲಿಲ್ಲ ಅಕಿ?"

"'ಅವರ ಗಣಿತಾ ಭಾಳ ದೊಡ್ಡದು, ಕೂಡೋದೊಂದು ಅವಸರಾ ಮಾಡ್ತಾರ, ಅಷ್ಟಕ್ಕ ಏನು ಹೇಳೋದು' ಅಂತಿದ್ಲು."

"ಹೇಳಬೇಕಾಗಿತ್ತು!" ಎಂದು ಚೀರಿದೆ. ಪಕ್ಕದ ಮನೆಗೂ ಕೇಳಿಸಿರಬೇಕು. "ಅಕಿ ಹೋದ ಮ್ಯಾಲೆ ನೀನಾದ್ರೂ ಹೇಳಬೇಕಾಗಿತ್ತು!"

"ಪಕ್ಕಾ ಪ್ರತಿ ಮುಟ್ಲಿಕ್ಕೆ ಕೊಟ್ರೇನಪ್ಪಾ ನೀವು? ನೀವ ಬರೆದು ನೀವ ಪ್ರೆಸ್ಸಿಗೆ ಒಯ್ದ್ರಿ. ನನಗ ಅಂಜಿಕಿ ಇತ್ತು, ಖಾತ್ರಿ ಇದ್ದಿದ್ದಿಲ್ಲ." ಚೀಲ ಕೆಳಗಿಟ್ಟಳು. "ನಾ ಹೇಳಿದ್ರ ನಿಮಗ ಸಿಟ್ಟು ಬರ್ತದ. ಯಂತ್ರ ಹೇಳಿದ್ರ ಅಷ್ಟು ಸಂಕಟ ಆಗಂಗಿಲ್ಲ ಅಂದ್ಕೊಂಡೆ."

ತಾಳೆ ನೋಡಲಿಕ್ಕೆ ಸಣ್ಣದು ಸಾಕು, ತಾಳೆ ನೋಡಲಿಕ್ಕೆ ಸಣ್ಣದು ಸಾಕು! ಆಗಸ್ಟ್‌ನಿಂದ ಬಡಕೊಂಡಿತ್ತು ಕೂಸು. ಅದೂ ತನ್ನ ಸಂಬಳದ ದುಡ್ಡು ಹಾಕಿ.

ನಾಳೆ ಶುಕ್ಲ ಏಕಾದಶಿ. ಅದು ಸರಿಯಾಗಿದೆ, ಶಾಮಲಾ ಎರಡು ಸಲ ನೋಡಿದಳು.

೨೨ ನವೆಂಬರ್, ಮಂಗಳವಾರ

ಹನ್ನೆರಡು ದಿನ ಉಳಿದಿದೆ. ನಾಲ್ಕು ಊರಿಗೆ ನನ್ನ ತಪ್ಪು ನಾನೇ ಹೇಳಬೇಕು. ಹೇಳಿದರೆ ಮೂರು ತಲೆಮಾರಿನ ಹೆಸರು ಹೋಗುತ್ತದೆ. ಹೇಳದಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ, ಹೋದ ಎರಡು ಸಲವೂ ಬಂದಿಲ್ಲ.

೨೪ ನವೆಂಬರ್, ಗುರುವಾರ

ಹೇಳಿದೆ. ಬೆಳಿಗ್ಗೆ ಕಟ್ಟೆಯ ಮೇಲೆ ರಾಘಣ್ಣ ತಿಥಿ ಓದಿ ಮುಗಿಸಿದ ಮೇಲೆ, ಮೂವತ್ತು ಜನರೆದುರು ನಿಂತು, ಡಿಸೆಂಬರ್ ನಾಲ್ಕರದು ತಪ್ಪು ಅಚ್ಚಾಗಿದೆ, ಉಪವಾಸ ಐದಕ್ಕೆ ಅಂದೆ. ರಾಘಣ್ಣನೇ ಸಾವರಿಸಿಕೊಂಡು ನನ್ನ ಭುಜ ಹಿಡಿದ. "ಅಯ್ಯ, ಆ ಕಂಪ್ಯೂಟರಿಂದು ಏನೋ ಗಡಬಡಿ ಇರಬೇಕು ಬಿಡ್ರಿ ಆಚಾರ್ರ. ಅಗ್ಗದ್ದು ತಂದೀರಂತ. ಅದರ ಮ್ಯಾಲೆ ಹಾಕಿ ಬಿಡ್ರಿ."

ಎಲ್ಲರೂ ಹೌದ್ಹೌದು ಅಂದರು. ಎಷ್ಟು ಸುಲಭದ ದಾರಿ! ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅರೆಗಳಿಗೆ ಬಾಯಿ ತೆರೆದು ನಿಂತಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

"ಅಗ್ಗದ ಚಿಪ್ಪಿಂದು ಏನೂ ತಪ್ಪಿಲ್ಲ ರಾಘಣ್ಣ. ಅದು ಬರೋ ಮೊದಲ ಅಚ್ಚಾಗಿದ್ದು ಇದು. ಕೂಡೋದು ನಾ ತಪ್ಪೇನಿ. ಇಷ್ಟು ವರ್ಷ ನನ್ನ ಹೆಂಡತಿ ತಿದ್ದತಿದ್ಲು. ನನಗ ಗೊತ್ತಿದ್ದಿಲ್ಲ."

ಇಳಿದು ಮನೆಗೆ ಬಂದೆ. ಯಾರ ಮುಖವನ್ನೂ ನೋಡಲಿಲ್ಲ.

೨೭ ನವೆಂಬರ್, ಭಾನುವಾರ, ಹಾನಗಲ್

ಶಾಮಲಾ ನೂರಾನಲವತ್ತು ಕಾರ್ಡು ಬರೆದು ಹಾಕಿದ್ದಾಳೆ. ಅಕ್ಕ ವಿಮಲಾಬಾಯಿಗೆ ಕಾರ್ಡು ಸಾಲದೆಂದು ನಾನೇ ಬಂದೆ. ಎಪ್ಪತ್ತೆಂಟು ವರ್ಷ ಅವಳಿಗೆ, ಏಕಾದಶಿ ಒಂದು ಹನಿ ನೀರು ಮುಟ್ಟುವುದಿಲ್ಲ. ಹಿಂದಿನ ಎರಡು ತಪ್ಪನ್ನೂ ಹೇಳಿಬಿಟ್ಟೆ.

"ಹಂಗಂದ್ರ ಎರಡು ಸಲ ನಾ ಬ್ಯಾರೆ ದಿನಾ ಒಣಗಿ, ಏಕಾದಶಿ ದಿನಾ ಪಾಯಸಾ ಉಂಡೆನೇನೋ! ದೇವರೇ, ಮಧ್ವೇಶಾ!" ಎಂದು ಎದೆಗೆ ಕೈ ಹಚ್ಚಿಕೊಂಡಳು. ಬೈದಳು, ಬೈದಳು, ಬಾಯಿ ಒಣಗುವಷ್ಟು ಬೈದಳು. ಕಡೆಗೆ, "ಇಂದಿರಾ ಇದ್ದಾಗ ಹಿಂಗ ಆಗಿದ್ದಿಲ್ಲಲ್ಲೋ" ಅಂದಳು, ಏನೂ ತಿಳಿಯದೆ.

ಅದನ್ನೂ ಹೇಳಿದೆ. ಹೇಳುವಾಗ ಅತ್ತುಬಿಟ್ಟೆ. ಅಕ್ಕ ಎದ್ದು ಊಟಕ್ಕೆ ಎಲೆ ಹಾಕಿದಳು.

೫ ಡಿಸೆಂಬರ್, ಸೋಮವಾರ

ಏಕಾದಶಿ. ಊರಿನಲ್ಲಿ ಬಹುತೇಕ ಎಲ್ಲರೂ ಇವತ್ತೇ ಮಾಡಿದ್ದಾರೆ. ಶಿಗ್ಗಾಂವಿಯವರೊಬ್ಬರು ಮುಂದಿನ ವರ್ಷ ಬೇರೆ ಪಂಚಾಂಗ ತರಿಸುತ್ತೇವೆ ಎಂದು ಕಾಗದ ಬರೆದಿದ್ದಾರೆ. ಹಿರೇಕೆರೂರಿನ ಎರಡು ಮನೆಯವರೂ ಹಾಗೆಯೇ. ಸರಿಯೇ ಇದೆ ಅವರದು. ರಾಘಣ್ಣ ಬೆಳಿಗ್ಗೆ ಎಂದಿನಂತೆ ನನ್ನ ಪಂಚಾಂಗವನ್ನೇ ಹಿಡಿದು ಓದಿದ, ಏಕಾದಶಿ ಮಾತ್ರ ತಿದ್ದಿಕೊಂಡು.

ಆ ಯಂತ್ರದ ಮೇಲಿನ ಧೂಳು ಒರೆಸಿದೆ. ದೊಡ್ಡದು ತಂದಿದ್ದರೆ ಇನ್ನಷ್ಟು ಬೇಗ ತಪ್ಪು ಸಿಗುತ್ತಿತ್ತು, ಅಷ್ಟೇ.

೧೪ ಜನವರಿ ೧೯೮೯, ಶನಿವಾರ

ಹೊಸ ವರ್ಷದ ಗಣಿತವನ್ನು ಶಾಮಲಾ ಮುಗಿಸಿ ಕೊಟ್ಟಳು. ಪ್ರೆಸ್ಸಿನವರಿಗೆ ಕನ್ನಡದಲ್ಲಿ ಕೈಬರಹ ಬೇಕು. ಪಕ್ಕಾ ಪ್ರತಿ ನಾನು ಬರೆಯುತ್ತಿದ್ದೇನೆ. ಮುಖಪುಟದ ಮೇಲೆ ಗಣಿತ ಮಾಡಿದವರ ಹೆಸರು ಮೊದಲೇ ಬರೆದಿಟ್ಟೆ. ಸೌಭಾಗ್ಯವತಿಯೂ ಅಲ್ಲ, ಕುಮಾರಿಯೂ ಬೇಡ, ಬರೀ ಶಾಮಲಾ ಎಂದು ಸಾಕು ಅಂದಳು. ಹಾಗೆಯೇ ಬರೆದೆ.

೨೧ ಜನವರಿ, ಶನಿವಾರ

ಆಷಾಢದವರೆಗೆ ಬರೆದೆ. ಎರಡನೆಯ ವಾರದಲ್ಲಿ ನವಮಿ, ದಶಮಿ ಎರಡರ ಘಳಿಗೆ ಅದಲುಬದಲಾಗಿದೆ. ಪರದೆಯಿಂದ ಕಾಗದಕ್ಕೆ ಇಳಿಸಿಕೊಳ್ಳುವಾಗ ಆಗಿರಬೇಕು. ಶಾಲೆಯ ಪೇಪರು ತಿದ್ದಿ ತಿದ್ದಿ ದಣಿದಿದ್ದಾಳೆ ಕೂಸು. ಖಾತ್ರಿಗೆಂದು ಸ್ಲೇಟಿನ ಮೇಲೆ ಎರಡೂ ಸಾಲು ಕೂಡಿಸಿ ನೋಡಿ, ಪಕ್ಕಾ ಪ್ರತಿಯಲ್ಲಿ ಸರಿಯಾಗಿ ಬರೆದೆ.

ಶಾಮಲಾಗೆ ಹೇಳಲಿಲ್ಲ. ಅಷ್ಟಕ್ಕೆ ಏನು ಹೇಳುವುದು. ಸ್ಲೇಟು ಒರೆಸಿ ಅಡಿಗೆಮನೆಯ ಗೂಡಿನಲ್ಲಿ ಅದರ ಜಾಗದಲ್ಲಿ ಇಟ್ಟೆ.